ಲಾಡಖಾನ ಗುಡಿ: ದೇಗುಲವೋ, ಊರ ಚಾವಡಿಯೋ?

ಕಟ್ಟಿಸಿದವನ ಹೆಸರು ಕಟ್ಟಡಕ್ಕೆ ನಿಲ್ಲುವುದುಂಟು. ಒಳಗೆ ನೆಲೆಸಿದ ದೇವರ ಹೆಸರು ನಿಲ್ಲುವುದುಂಟು. ಯಾವನೋ ಒಬ್ಬ ಬಂದು ಬಿಡಾರ ಹೂಡಿದ, ಅವನ ಹೆಸರೇ ಶಾಶ್ವತವಾಯಿತು ಎನ್ನುವುದು ಅಪರೂಪ. ಹುನಗುಂದ ತಾಲೂಕಿನ ಐಹೊಳೆಯಲ್ಲಿ ಮಾತ್ರ ಈ ಅಪರೂಪವೇ ವಾಡಿಕೆ. ಅಲ್ಲಿ ಗೌಡರ ಗುಡಿಯಿದೆ, ಬಡಿಗೇರ ಗುಡಿಯಿದೆ, ಅಂಬಿಗೇರ ಗುಡಿಯಿದೆ, ಹುಚ್ಚಪ್ಪಯ್ಯನ ಗುಡಿಯೂ ಮಠವೂ ಇವೆ. ಚಾಲುಕ್ಯರ ಶಿಲ್ಪಕಲೆಯ ತೊಟ್ಟಿಲೆಂದು ವಿದ್ವಾಂಸರು ಕರೆದ ಸ್ಥಳದಲ್ಲಿ ದೇಗುಲಗಳ ಪಟ್ಟಿಯನ್ನು ಓದುತ್ತ ಹೋದರೆ ಹಳ್ಳಿಯೊಂದರ ಖಾನೇಸುಮಾರಿಯನ್ನು ಓದಿದಂತಾಗುತ್ತದೆ. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು ಒಬ್ಬ ಮುಸಲ್ಮಾನನ ಹೆಸರಿನ ಶಿವಾಲಯ, ಲಾಡಖಾನ ಗುಡಿ.

ಈ ಲಾಡಖಾನ ಆದಿಲಶಾಹಿ ಕಾಲದ ಸರದಾರನೆಂದು ಹೇಳುವವರುಂಟು. ಅಷ್ಟು ದೊಡ್ಡವನಲ್ಲ, ಇದರಲ್ಲಿ ಸಂಸಾರ ಹೂಡಿದ್ದ ಸಾಧಾರಣ ಗೃಹಸ್ಥನೆಂದು ಹೇಳುವವರೂ ಉಂಟು. ಯಾರಾದರೂ ಆಗಲಿ, ಆತ ಇಲ್ಲಿ ವಾಸವಾಗಿದ್ದನೆಂಬ ಬಗ್ಗೆ ಎಲ್ಲರೂ ಒಮ್ಮತ. ನಮ್ಮ ಪ್ರವಾಸ ಲೇಖಕರು ಈ ಸಂಗತಿಯನ್ನು ಒಂದು ವಿನೋದವೆಂಬಂತೆ ಹೇಳಿ ಮುಂದಿನ ಗುಡಿಗೆ ಹೋಗಿಬಿಡುತ್ತಾರೆ. ಕಟ್ಟಡದ ಸ್ವರೂಪವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಸುಳಿವು ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ನವರಂಗ, ಸುಕನಾಸಿ, ಗರ್ಭಗುಡಿಗಳೆಂದು ಕ್ರಮವಾಗಿ ಕತ್ತಲೆಯಾಗುತ್ತ ಹೋಗುವ ಗುಡಿಯಲ್ಲಿ ಯಾರೂ ಸಂಸಾರ ಮಾಡಲಾರರು. ಇದರಲ್ಲಿ ಮಾಡಬಹುದಾಗಿತ್ತು. ಏಕೆ ಮಾಡಬಹುದಾಗಿತ್ತು ಎಂಬುದೇ ಪ್ರಶ್ನೆ.

ಈ ಕಟ್ಟಡದ ಬಗ್ಗೆ ವಿದ್ವಾಂಸರಲ್ಲಿ ನಡೆದ ವಾದ ಒಂದು ಶತಮಾನದಷ್ಟು ಹಳೆಯದು. ಹೆನ್ರಿ ಕಸಿನ್ಸ್ ಅವರು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ತಮ್ಮ ಗ್ರಂಥವನ್ನು ೧೯೨೬ರಲ್ಲಿ ಪ್ರಕಟಿಸಿದಾಗ ಲಾಡಖಾನವನ್ನು ಕ್ರಿ.ಶ. ೪೫೦ರ ಸುಮಾರಿಗೆ ಇಟ್ಟರು. ಅದರ ಚಪ್ಪಟೆ ಮಾಳಿಗೆ, ದಪ್ಪ ಕಂಬ, ಗುಹೆಯಂಥ ಭಾರ ಇವೆಲ್ಲ ಅವರಿಗೆ ಪ್ರಾಚೀನತೆಯ ಗುರುತುಗಳಾಗಿ ಕಂಡವು. ಆಮೇಲೆ ಬಂದ ಪರ್ಸಿ ಬ್ರೌನ್ ಅವರ ಪುಸ್ತಕದಿಂದ ಇನ್ನೊಂದು ಮಾತು ಪ್ರಚಾರಕ್ಕೆ ಬಂದಿತು: ಇದರ ಮೂಲ ಮಾದರಿ ದೇಗುಲವಲ್ಲ, ಪ್ರಾಚೀನ ಭಾರತದ ಸಂಥಾಗಾರ, ಎಂದರೆ ಊರ ಹಿರಿಯರು ಕೂಡಿ ಮಾತಾಡುವ ಸಭಾಭವನ. ಬೌದ್ಧ ಗ್ರಂಥಗಳಲ್ಲಿ ಶಾಕ್ಯರೂ ಮಲ್ಲರೂ ಸೇರುತ್ತಿದ್ದ ಸಂಥಾಗಾರದ ಹೆಸರು ಮಲಪ್ರಭೆಯ ದಂಡೆಯ ಈ ಕಲ್ಲು ಮಂಟಪಕ್ಕೆ ಬಂದು ಅಂಟಿಕೊಂಡದ್ದು ಹೀಗೆ. ಅಂದಿನಿಂದ ಪಠ್ಯಪುಸ್ತಕಗಳೆಲ್ಲ ಈ ಎರಡೂ ಮಾತುಗಳನ್ನು ಜೋಡಿಸಿ ಹೇಳುತ್ತ ಬಂದವು: ಐದನೆಯ ಶತಮಾನದ್ದು, ಸಭಾಭವನದಿಂದ ಹುಟ್ಟಿದ್ದು.

ಈಚಿನ ಸಂಶೋಧಕರು ಮೊದಲನೆಯ ಮಾತನ್ನು ಒಪ್ಪುವುದಿಲ್ಲ. ಲಾಡಖಾನವನ್ನು ಅವರು ೭ನೆಯ ಶತಮಾನದ ಕೊನೆಗೆ ಅಥವಾ ೮ನೆಯ ಶತಮಾನದ ಆರಂಭಕ್ಕೆ ತಂದಿಡುತ್ತಾರೆ. ಮೊದಲನೆಯದು ಬಿದ್ದುದರಿಂದ ಎರಡನೆಯದೂ ಬಿತ್ತೆಂದು ಹಲವರು ತಿಳಿದಿದ್ದಾರೆ. ಇದು ಸರಿಯೇ ಎಂದು ನೋಡುವ ಮುನ್ನ ಕಟ್ಟಡವನ್ನೊಮ್ಮೆ ಸುತ್ತಿ ಬರೋಣ.

ಸುಮಾರು ೫೦ ಅಡಿ ಚೌಕದ ಒಂದು ಮಂಟಪ. ಮೂರು ಕಡೆ ಗೋಡೆ. ಅವುಗಳಲ್ಲಿ ಕಲ್ಲಿನ ಜಾಲಂಧ್ರಗಳಿವೆ. ಪೂರ್ವಕ್ಕೆ ಹನ್ನೆರಡು ಕಂಬಗಳ ತೆರೆದ ಮುಖಮಂಟಪ, ಅದರ ಅಂಚಿಗೆ ಕೂಡ್ರಲು ಕಲ್ಲಿನ ಕಕ್ಷಾಸನ. ಒಳಗೆ ಹೊಕ್ಕರೆ ಕಂಬಗಳ ಎರಡು ಚೌಕಗಳು, ಒಂದರೊಳಗೊಂದು. ಹೊರಚೌಕಕ್ಕೆ ಹನ್ನೆರಡು, ಒಳಚೌಕಕ್ಕೆ ನಾಲ್ಕು. ನಟ್ಟನಡುವೆ ನಂದಿ. ಹಿಂದಿನ, ಎಂದರೆ ಪಡುವಣ, ಗೋಡೆಗೆ ಒತ್ತಿಕೊಂಡು ಒಂದು ಚಿಕ್ಕ ಗರ್ಭಗೃಹ. ಇದು ಮಂಟಪದ ಹೊರಗೆ ಬೇರೆಯಾಗಿ ನಿಂತುದಲ್ಲ, ಮಂಟಪದೊಳಗೇ ಒಂದು ಕೋಣೆಯನ್ನು ಕಟ್ಟಿಕೊಂಡಂತಿದೆ. ನಡುವಿನ ಚೌಕದ ಮೇಲೆ ಮಾಳಿಗೆ ಎತ್ತರವಾಗಿ ಮಟ್ಟಸವಾಗಿದೆ. ಸುತ್ತಲಿನ ಅಂಕಣಗಳ ಮೇಲೆ ಚಪ್ಪಡಿಗಳು ಹೊರಕ್ಕೆ ಇಳಿಜಾರಾಗಿವೆ. ಚಪ್ಪಡಿ ಚಪ್ಪಡಿ ಕೂಡುವ ಸಂದಿಯ ಮೇಲೆ ಉದ್ದನ್ನ ಕಲ್ಲಿನ ಪಟ್ಟಿಗಳನ್ನು ಕೂಡಿಸಿ ಮಳೆನೀರು ಇಳಿಯದಂತೆ ಮಾಡಿದ್ದಾರೆ. ದೂರದಿಂದ ನೋಡಿದರೆ ಮರದ ದಿಮ್ಮಿಗಳನ್ನು ಸಾಲಾಗಿ ಹಾಸಿದಂತೆ ಕಾಣುತ್ತದೆ. ಮೇಲೇರಲು ಕಲ್ಲಿನ ನಿಚ್ಚಣಿಕೆಯಿದೆ. ಮಾಳಿಗೆಯ ಮೇಲೆ ಮತ್ತೊಂದು ಪುಟ್ಟ ಗುಡಿ, ಅದರ ಗೋಡೆಗೆ ಸೂರ್ಯ, ವಿಷ್ಣು ಮೂರ್ತಿಗಳು.

ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ವರ್ಣನೆ ಪರಿಚಿತವೆನಿಸದಿರದು. ಬಾದಾಮಿ, ಗುಳೇದಗುಡ್ಡ, ಇಳಕಲ್ಲುಗಳ ಮಾಳಿಗೆಯ ಮನೆಯನ್ನು ನೆನೆಯಿರಿ. ಮುಂದೆ ಕಟ್ಟೆ, ಹಾದಿಹೋಕರು ಕೂಡ್ರುವುದು ಅಲ್ಲಿಯೇ. ಒಳಗೆ ಕಂಬಗಳ ಪಡಸಾಲೆ. ನೇಕಾರರ ಮನೆಯಾದರೆ ಮಗ್ಗ, ಒಕ್ಕಲಿಗರ ಮನೆಯಾದರೆ ಕಾಳಿನ ಚೀಲ. ಹಿಂದಿನ ಗೋಡೆಗೆ ದೇವರ ಜಗಲಿ. ಮೂಲೆಯಲ್ಲೊಂದು ನಿಚ್ಚಣಿಕೆ, ಮೇಲೆ ಮೆಣಸಿನಕಾಯಿ ಒಣಗಿಸುವ ಮಾಳಿಗೆ. ದನಗಳು ಬೇರೆ ಕೊಟ್ಟಿಗೆಯಲ್ಲಿರದೆ ಮನೆಯ ಒಳಗೇ, ಮನೆಯವರ ಕಣ್ಣಿಗೆ ಬೀಳುವಲ್ಲಿ. ಲಾಡಖಾನದ ನಡುವೆ ಮಲಗಿರುವ ನಂದಿಯನ್ನು ನೋಡಿದಾಗಲೆಲ್ಲ ನನಗೆ ಈ ಸಾಮ್ಯ ಹೊಳೆದು ನಗು ಬರುತ್ತದೆ. ಶೈವಾಗಮ ಬಲ್ಲವರು ಕ್ಷಮಿಸಬೇಕು. ಈ ಮನೆಗಳು ಚಾಲುಕ್ಯರ ಕಾಲದವೆಂದು ನಾನು ಹೇಳುತ್ತಿಲ್ಲ. ಕಲ್ಲು, ಮರ, ಮಣ್ಣು, ಕಡುಬಿಸಿಲು, ಅಪರೂಪದ ಮಳೆ ಇಷ್ಟನ್ನು ಕೊಟ್ಟರೆ ಈ ನೆಲದ ಜನ ಹೇಗೆ ಕಟ್ಟುತ್ತಾರೆಂಬುದಕ್ಕೆ ಒಂದು ರೂಢಿಯಿದೆ. ಲಾಡಖಾನ ಆ ರೂಢಿಯೊಳಗಿನದು. ಆಗಮದ ವಿನ್ಯಾಸ ಅದಕ್ಕೆ ಎರಡನೆಯದು. ಆದುದರಿಂದಲೇ ಆ ಖಾನಸಾಹೇಬನಿಗೆ ಅಲ್ಲಿ ಪಾತ್ರೆಪಗಡ ಇಳಿಸಲು ಕಷ್ಟವಾಗಲಿಲ್ಲ.

ಇನ್ನು ಕಾಲದ ಮಾತು. ಕಸಿನ್ಸ್ ಅವರ ಪರಿಶ್ರಮಕ್ಕೆ ನಾವು ಋಣಿಗಳು. ಅವರ ನಕ್ಷೆಗಳಿಲ್ಲದೆ ಇಂದಿಗೂ ಯಾರೂ ಹೆಜ್ಜೆಯಿಡಲಾರರು. ಆದರೆ ಅವರ ತರ್ಕದ ಬುಡದಲ್ಲಿ ಒಂದು ನಂಬಿಕೆಯಿತ್ತು: ಸರಳವಾದುದು ಹಳೆಯದು, ಸಂಕೀರ್ಣವಾದುದು ಹೊಸದು, ಒರಟಾದುದು ಮೊದಲು, ನಯವಾದುದು ಆಮೇಲೆ. ಸಾಹಿತ್ಯದಲ್ಲಿ ಈ ತರ್ಕವನ್ನು ಪ್ರಯೋಗಿಸಿದರೆ ಏನಾದೀತು? ಹತ್ತನೆಯ ಶತಮಾನದ ಪಂಪನ ಚಂಪುವನ್ನು ಹನ್ನೆರಡನೆಯ ಶತಮಾನದ ವಚನಗಳ ನಂತರಕ್ಕೆ ತಳ್ಳಬೇಕಾದೀತು. ಐಹೊಳೆಯಲ್ಲೇ ಇದಕ್ಕೆ ಖಂಡನೆ ಬೆಟ್ಟದ ಮೇಲೆ ನಿಂತಿದೆ. ಎರಡನೆಯ ಪುಲಕೇಶಿಯ ಆಸ್ಥಾನದ ರವಿಕೀರ್ತಿ ಕಟ್ಟಿಸಿದ ಮೇಗುಟಿಯ ಜಿನಾಲಯಕ್ಕೆ ಶಕ ೫೫೬, ಎಂದರೆ ಕ್ರಿ.ಶ. ೬೩೪-೩೫ರ ಶಾಸನವಿದೆ. ಅದರ ಗೋಡೆಗಳಿಗೆ ಅಚ್ಚುಕಟ್ಟಾದ ಅಧಿಷ್ಠಾನವಿದೆ, ಅರೆಗಂಬಗಳಿವೆ, ದೇವಕೋಷ್ಠಗಳಿವೆ. ಅಷ್ಟು ನಯವಾದ ಕೆಲಸ ೬೩೪ಕ್ಕೇ ಸಾಧ್ಯವಾಗಿದ್ದಾಗ, ಕೆಳಗಿನ ಊರಿನಲ್ಲಿರುವ ಒರಟು ಕಟ್ಟಡ ಅದಕ್ಕಿಂತ ಹಳೆಯದೇ ಆಗಿರಬೇಕೆಂಬ ನಿಯಮವೇನು? ಒಂದೇ ಊರಿನಲ್ಲಿ ಒಂದೇ ತಲೆಮಾರಿನ ಕಲ್ಲುಕುಟಿಗರು ಒಂದು ಕೆಲಸಕ್ಕೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿಯನ್ನು ಆರಿಸಿಕೊಂಡಿರಬಹುದು. ಹಾಗಾದರೆ ಲಾಡಖಾನದ ಸರಳತೆಯು ಬಾಲ್ಯದ ತೊದಲೆನಿಸುವುದಿಲ್ಲ. ಅದು ಬೇಕೆಂದು ಆರಿಸಿಕೊಂಡ ಶೈಲಿಯೆನಿಸುತ್ತದೆ. ಕಾಲ ಕೆಳಕ್ಕಿಳಿದಷ್ಟೂ ಈ ಕಟ್ಟಡದ ಬೆಲೆ ಇಳಿಯುವುದೆಂದು ನಮ್ಮ ಅಭಿಮಾನಿಗಳು ಕೊರಗುತ್ತಾರೆ. ನನಗೆ ಏರಿದಂತೆಯೇ ಕಾಣುತ್ತದೆ. ಶಿಖರವನ್ನು ಕಟ್ಟಬಲ್ಲವರು ಶಿಖರವನ್ನು ಬಿಟ್ಟು ಮಾಳಿಗೆಯನ್ನು ಹಾಕಿದರು ಎಂಬುದು ಶಿಖರ ಬಾರದ್ದರಿಂದ ಮಾಳಿಗೆ ಹಾಕಿದರು ಎಂಬುದಕ್ಕಿಂತ ವಿಚಾರಯೋಗ್ಯವಾದ ಸಂಗತಿಯಲ್ಲವೆ?

ಕಾಲದಂತೆಯೇ ದೇವರ ವಿಷಯದಲ್ಲಿಯೂ ಐಹೊಳೆ ಪಂಡಿತರನ್ನು ಆಟವಾಡಿಸಿದೆ. ಲಾಡಖಾನದ ಕೂಗಳತೆಯಲ್ಲೇ ಇರುವ ದುರ್ಗ ಗುಡಿಯ ಹಿಂಭಾಗ ಅರ್ಧವೃತ್ತಾಕಾರವಾಗಿದೆ. ಅದರಲ್ಲಿ ಬೌದ್ಧ ಚೈತ್ಯದ ಆಕಾರ ಕಂಡವರು ಅದನ್ನು ಬೌದ್ಧ ಪರಂಪರೆಗೆ ಸೇರಿಸಿದರು. ಹೆಸರು ಕೇಳಿದವರು ದುರ್ಗೆಯ ಗುಡಿಯೆಂದರು. ಆ ಹೆಸರು ಬಂದುದು ದೇವಿಯಿಂದಲ್ಲ, ಕೋಟೆಯಿಂದ. ಶಾಸನವನ್ನು ಓದಿ ನೋಡಿದಾಗ ಅದು ಕೊಮರಸಿಂಗನೆಂಬವನು ಕಟ್ಟಿಸಿದ ಆದಿತ್ಯಾಲಯ, ಸೂರ್ಯನ ಗುಡಿ, ಎಂದು ತಿಳಿಯಿತು. ಈ ಒಂದೇ ಗುಡಿಯನ್ನು ಯಾರು ಯಾರು ಏನೇನೆಂದು ಬಗೆದರೆಂಬುದನ್ನು ಕುರಿತು ಗ್ಯಾರಿ ಟಾರ್ಟಕೋವ್ ಅವರು ೧೯೯೭ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅದು ಗುಡಿಯ ಇತಿಹಾಸವೆನ್ನುವುದಕ್ಕಿಂತ ಗುಡಿಯನ್ನು ನೋಡಿದ ಕಣ್ಣುಗಳ ಇತಿಹಾಸ. ಲಾಡಖಾನಕ್ಕೂ ಅಂಥದೊಂದು ಪುಸ್ತಕ ಬರಬೇಕಾಗಿದೆ. ಕನ್ನಡದಲ್ಲೇ ಬಂದರೆ ಇನ್ನೂ ಸಂತೋಷ.

ಅಂಥ ಪುಸ್ತಕ ಬರೆಯುವವರು ಸಭಾಭವನದ ವಾದವನ್ನು ಸುಮ್ಮನೆ ತಳ್ಳಿಹಾಕಬಾರದು, ಸುಮ್ಮನೆ ಒಪ್ಪಲೂ ಬಾರದು. ಸಂಥಾಗಾರವೆಂಬ ಮಾತಿನಲ್ಲಿ ಸ್ವಲ್ಪ ಕನಸಿನ ಅಂಶವಿದೆ. ಪ್ರಜಾಪ್ರಭುತ್ವದ ಬೇರುಗಳನ್ನು ನಮ್ಮಲ್ಲೇ ಹುಡುಕುವ ಉತ್ಸಾಹ ಕಳೆದ ಶತಮಾನದ ಮೊದಲರ್ಧದಲ್ಲಿ ಬಲವಾಗಿತ್ತು; ಆ ಉತ್ಸಾಹಕ್ಕೆ ಕಲ್ಲಿನ ಸಾಕ್ಷಿಯೊಂದು ಬೇಕಿತ್ತು. ಕಪಿಲವಸ್ತುವಿನ ಸಭೆಗೂ ಐಹೊಳೆಯ ಮಂಟಪಕ್ಕೂ ನಡುವೆ ಸಾವಿರ ವರ್ಷಗಳೂ ಸಾವಿರ ಮೈಲಿಗಳೂ ಇವೆ. ಅಷ್ಟು ದೂರ ಹೋಗುವ ಅವಶ್ಯಕತೆಯಾದರೂ ಏನಿತ್ತು? ಕಟ್ಟಡದ ಮೇಲೆಯೇ ಸುಮಾರು ೮೦೦ರ ಕಾಲದ ಬರಹವೊಂದಿದೆ. ಅದರಲ್ಲಿ ಐನೂರ್ವರ ಹೆಸರಿದೆ. ಅಯ್ಯಾವೊಳೆ ಐನೂರ್ವರು ಎಂಬ ಸಂಘದ ಹೆಸರು ಶಾಸನದಲ್ಲಿ ಕಾಣಿಸಿಕೊಳ್ಳುವುದು ಇಲ್ಲಿಯೇ ಮೊದಲು ಎಂದು ಹೇಳುತ್ತಾರೆ. ಆಗ ಅವರು ಈ ಊರಿನ ಚತುರ್ವೇದಿಗಳು, ಮಹಾಜನರು. ಮುಂದಿನ ಶತಮಾನಗಳಲ್ಲಿ ಅದೇ ಹೆಸರನ್ನು ಹೊತ್ತ ವರ್ತಕರ ಕೂಟ ತಮಿಳುನಾಡಿನಲ್ಲಿ, ಸಿಂಹಳದಲ್ಲಿ ಶಾಸನಗಳನ್ನು ಹಾಕಿಸಿತು. ಸುಮಾತ್ರಾ ದ್ವೀಪದ ಬಾರೂಸ್ ಬಳಿ ದೊರೆತ ೧೦೮೮ರ ತಮಿಳು ಶಾಸನದಲ್ಲಿಯೂ ಐನೂರ್ವರಿದ್ದಾರೆ. ಕರ್ಪೂರದ ವ್ಯಾಪಾರಕ್ಕೆ ಹೆಸರಾದ ಕಡಲಾಚೆಯ ಬಂದರಿನಲ್ಲಿ ಮಲಪ್ರಭೆಯ ದಂಡೆಯ ಒಂದು ಊರಿನ ಹೆಸರು!

ಐನೂರ್ವರು ಲಾಡಖಾನದಲ್ಲೇ ಕೂಡುತ್ತಿದ್ದರೆಂದು ಇದರಿಂದ ಸಿದ್ಧವಾಗುವುದಿಲ್ಲ. ಗೋಡೆಯ ಮೇಲಿನ ಬರಹವು ಸಭೆಯ ನಡವಳಿಕೆಯ ಪುಸ್ತಕವಲ್ಲ. ಆದರೆ ತಮ್ಮ ಹೆಸರನ್ನು ಬರೆಯಿಸಲು ಜನ ಎಂಥ ಸ್ಥಳವನ್ನು ಆರಿಸುತ್ತಾರೆ? ಹತ್ತು ಜನ ಬರುವ ಸ್ಥಳವನ್ನು. ಕಕ್ಷಾಸನವನ್ನು ಕಟ್ಟುವವರು ಯಾರಿಗಾಗಿ ಕಟ್ಟುತ್ತಾರೆ? ಕೂಡ್ರುವವರಿಗಾಗಿ. ದೇವರಿಗೆ ಕಕ್ಷಾಸನ ಬೇಡ. ಮಂಟಪದ ವಿಸ್ತಾರಕ್ಕೂ ಗರ್ಭಗೃಹದ ಚಿಕ್ಕತನಕ್ಕೂ ಇರುವ ಪ್ರಮಾಣವನ್ನು ನೋಡಿದರೆ, ಇಲ್ಲಿ ಕಲ್ಲು ಬಹುಪಾಲು ವೆಚ್ಚವಾದುದು ಜನರ ನೆರಳಿಗಾಗಿ ಎಂಬುದು ಸ್ಪಷ್ಟ. ಗುಡಿಯೋ ಸಭೆಯೋ ಎಂದು ಕೇಳಿದವರಿಬ್ಬರೂ ಒಂದು ಕಟ್ಟಡಕ್ಕೆ ಒಂದೇ ಕೆಲಸವೆಂದು ಮೊದಲೇ ತೀರ್ಮಾನಿಸಿಕೊಂಡಿದ್ದರು. ನಮ್ಮ ಊರುಗಳಲ್ಲಿ ಇಂದಿಗೂ ಹನುಮಪ್ಪನ ಗುಡಿಯ ಕಟ್ಟೆಯೇ ನ್ಯಾಯದ ಕಟ್ಟೆ. ಅಲ್ಲಿಯೇ ಭಜನೆ, ಅಲ್ಲಿಯೇ ಪಗಡೆ, ಅಲ್ಲಿಯೇ ಮಳೆಗೆ ಸಿಕ್ಕವನ ಆಶ್ರಯ, ಚುನಾವಣೆ ಬಂದರೆ ಅಲ್ಲಿಯೇ ರಾಜಕೀಯ. ಇಂಗ್ಲೆಂಡಿನ ಹಳೆಯ ಪಟ್ಟಣಗಳ ನಡುವೆ ನಿಂತಿರುವ ಮದ್ಯಗೃಹಗಳನ್ನು ಕುರಿತು ಅವರ ಇತಿಹಾಸಕಾರರು ಇಂಥದೇ ಮಾತುಗಳನ್ನು ಹೇಳುತ್ತಾರೆ. ಹೆಸರು ಸೆರೆಯ ಅಂಗಡಿಯೆಂದಾದರೂ ಪಂಚಾಯತಿ, ವ್ಯಾಪಾರದ ಮಾತು, ಪ್ರಯಾಣಿಕರ ಬಿಡಾರ, ಊರ ಸುದ್ದಿ ಎಲ್ಲವೂ ಅದರೊಳಗೆ. ಸಾರ್ವಜನಿಕ ಮನೆ ಎಂದೇ ಅವರ ಭಾಷೆಯಲ್ಲಿ ಅದರ ಹೆಸರು. ಪಾನೀಯ ಬೇರೆ, ದೇವರು ಬೇರೆ. ಊರಿಗೊಂದು ಸೂರು ಬೇಕೆಂಬ ಅಗತ್ಯ ಎರಡೂ ಕಡೆ ಒಂದೇ. ಲಾಡಖಾನವನ್ನು ಊರಮನೆ ಎಂದು ಕರೆಯಲು ನನಗೆ ಅಡ್ಡಿಯಿಲ್ಲ. ಅದರಲ್ಲಿ ದೇವರಿಗೂ ಒಂದು ಕೋಣೆಯಿತ್ತು.

ಸೌಂದರ್ಯದೃಷ್ಟಿಯಿಂದ ಇದನ್ನು ಕೆಳಗೆ ಹಾಕುವವರು ಹಲವರು. ಪಟ್ಟದಕಲ್ಲಿನ ವಿರೂಪಾಕ್ಷನನ್ನು ನೋಡಿಕೊಂಡು ಬಂದವರ ಕಣ್ಣಿಗೆ ಲಾಡಖಾನ ಮೋಟಾಗಿ, ಕುಳ್ಳಾಗಿ, ನೆಲಕ್ಕೆ ಕುಸಿದಂತೆ ಕಾಣುವುದು ಸಹಜ. ಕಾಲೇಜಿನ ಹುಡುಗರನ್ನು ಕರೆದುಕೊಂಡು ಹೋದಾಗ ಅವರು ದುರ್ಗ ಗುಡಿಯ ಮುಂದೆ ಪಟ ತೆಗೆಸಿಕೊಳ್ಳುತ್ತಾರೆ, ಲಾಡಖಾನದಲ್ಲಿ ಬುತ್ತಿ ಬಿಚ್ಚುತ್ತಾರೆ. ಈ ವಿಮರ್ಶೆಯನ್ನು ನಾನು ಒಪ್ಪುತ್ತೇನೆ! ದುರ್ಗ ಗುಡಿ ಸುತ್ತಿ ನೋಡುವ ಕಟ್ಟಡ; ಲಾಡಖಾನ ಕೂತು ನೋಡುವ ಕಟ್ಟಡ. ಇದರ ಶಿಲ್ಪವೂ ಕೂತವರಿಗಾಗಿಯೇ ಇದೆ. ಒಳಗಿನ ಕಂಬಗಳು ದಪ್ಪನೆ, ಚೌಕ, ಮಾತು ಕಡಿಮೆ. ಮುಖಮಂಟಪದ ಕಂಬಗಳಲ್ಲಿ ಮಾತ್ರ ಮಿಥುನಗಳು, ಗಂಗೆ ಯಮುನೆಯರು. ಕಕ್ಷಾಸನದ ಹೊರಮೈಯಲ್ಲಿ ಪೂರ್ಣಕುಂಭಗಳ ಸಾಲು, ಬರುವವರಿಗೆ ಹಿಡಿದ ನೀರಿನ ತಂಬಿಗೆಗಳಂತೆ. ಒಳಗೆ ಬೆಳಕು ಜಾಲಂಧ್ರಗಳಿಂದ ಸೋಸಿ ಬರುತ್ತದೆ. ವೈಶಾಖದ ಮಧ್ಯಾಹ್ನ ಹೊರಗೆ ಕೆಂಪು ಕಲ್ಲು ಕಾದು ಕಣ್ಣು ಕೋರೈಸುವಾಗ ಒಳಗಿನ ನೆಲ ತಣ್ಣಗಿರುತ್ತದೆ. ವಾಸ್ತುವಿನ ವಿಮರ್ಶಕರು ತಮ್ಮ ಗ್ರಂಥಗಳಲ್ಲಿ ನಕ್ಷೆಯನ್ನು ಕೊಡುತ್ತಾರೆ, ಅಳತೆಯನ್ನು ಕೊಡುತ್ತಾರೆ. ಈ ತಂಪನ್ನು ಎಲ್ಲಿಯೂ ಕೊಡುವುದಿಲ್ಲ. ಅಂಗಾತ ಮಲಗಿ ಮೇಲೆ ನೋಡಿದವನಿಗೆ ಮಾತ್ರ ಈ ಕಟ್ಟಡ ಪೂರ್ತಿ ಅರ್ಥವಾದೀತು. ಲಾಡಖಾನ ಅಂಥವರಲ್ಲೊಬ್ಬ.

ಇದು ಬರಿಯ ಪಂಡಿತರ ವಾದವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮೆಡೋಸ್ ಟೇಲರ್ ಮತ್ತು ಫರ್ಗುಸನ್ ೧೮೬೬ರಲ್ಲಿ ಐಹೊಳೆಯ ಛಾಯಾಚಿತ್ರಗಳನ್ನು ಪುಸ್ತಕದಲ್ಲಿ ತಂದಾಗ, ೧೮೭೪ರಲ್ಲಿ ಬರ್ಜೆಸ್ ಆಗಿನ ಕಲಾದಗಿ ಜಿಲ್ಲೆಯ ವರದಿಯನ್ನು ಬರೆದಾಗ, ಊರೂ ಗುಡಿಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ೧೯೦೪ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಮೇಲೆ ಸಂರಕ್ಷಣೆಯ ಯುಗ ಬಂದಿತು. ಗುಡಿಗಳೊಳಗಿನ ಒಲೆಗಳು ಆರಿದವು, ಸುತ್ತ ಆವರಣ ಎದ್ದಿತು, ಹುಲ್ಲುಹಾಸು ಹರಡಿತು, ಬಾಗಿಲಲ್ಲಿ ಟಿಕೀಟು ಬಂದಿತು. ಇದರಿಂದಾದ ಉಪಕಾರವನ್ನು ಮರೆಯಲಾಗದು. ಹೊಗೆ ಹಿಡಿದ ಶಿಲ್ಪ ಬೆಳಕಿಗೆ ಬಂದಿತು, ಕುಸಿಯುತ್ತಿದ್ದ ತೊಲೆ ನಿಂತಿತು. ಆದರೆ ಐಹೊಳೆಯ ನೂರಕ್ಕೂ ಮಿಕ್ಕಿದ ಗುಡಿಗಳು ಊರಿನ ಸಂದಿಗೊಂದಿಗಳಲ್ಲಿ ಚದುರಿರುವುದರಿಂದ, ಊರನ್ನೇ ಎತ್ತಿ ಬೇರೆಡೆ ಇಡುವ ಮಾತು ಬಹಳ ವರ್ಷಗಳಿಂದ ನಡೆದಿದೆ. ೧೯೮೭ರಲ್ಲಿ ಪಟ್ಟದಕಲ್ಲು ವಿಶ್ವಪರಂಪರೆಯ ಪಟ್ಟಿಗೆ ಸೇರಿತು; ೨೦೧೫ರಲ್ಲಿ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳು ಒಟ್ಟಾಗಿ ಸಂಭಾವ್ಯ ಪಟ್ಟಿಯನ್ನು ಸೇರಿದವು. ಆ ಗೌರವದ ಆಸೆ ಹೆಚ್ಚಿದಂತೆ ಮನೆಗಳು ಕಣ್ಣಿಗೆ ಚುಚ್ಚತೊಡಗುವುದು ಸಹಜವೇ.

ಸ್ಥಳಾಂತರವೆಂದರೆ ಏನೆಂಬುದನ್ನು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಪೇಟೆಯ ಬಹುಭಾಗವನ್ನು ಬಿಟ್ಟು ನವನಗರಕ್ಕೆ ಹೋದವರಿಗೆ ರಸ್ತೆ ಅಗಲವಾಯಿತು, ಮನೆಗೆ ಗಾಳಿ ಬಂದಿತು. ಸಂಜೆ ಹೊತ್ತು ಯಾರೂ ಕರೆಯದೆ ಹೋಗಿ ಕೂಡ್ರುತ್ತಿದ್ದ ಕಟ್ಟೆ ಮಾತ್ರ ಬರಲಿಲ್ಲ. ಅಲ್ಲಿ ನೀರು ಬಂದದ್ದಕ್ಕೆ ಊರು ಹೋಯಿತು, ಅದಕ್ಕೆ ಉತ್ತರವಿಲ್ಲ. ಐಹೊಳೆಯಲ್ಲಿ ಊರು ಹೋಗಬೇಕಾಗಿರುವುದು ನೋಟ ಕೆಡಬಾರದೆಂದು. ಆದರೆ ನೋಟವೆಂದರೆ ಯಾವುದು? ಲಾಡಖಾನವನ್ನು ಗುಡಿಯೆಂದಷ್ಟೇ ಓದಿದವರಿಗೆ ಸುತ್ತಲಿನ ಮನೆ ಕೊಳೆ, ಒಳಗಿದ್ದ ಸಂಸಾರ ಅಪಚಾರ. ಅದನ್ನು ಊರಮನೆಯೆಂದು ಓದಿದವರಿಗೆ ಗೌಡರೂ ಬಡಿಗೇರರೂ ಅಂಬಿಗರೂ ಖಾನಸಾಹೇಬನೂ ಆ ಕಟ್ಟಡದ ಚರಿತ್ರೆಯ ಒಂದು ಅಧ್ಯಾಯ, ಐನೂರ್ವರಷ್ಟೇ ಅಧಿಕೃತವಾದ ಅಧ್ಯಾಯ. ಸೂರು ಸೋರದಂತೆ ನೋಡಿಕೊಂಡವರಲ್ಲಿ ಅವರೂ ಸೇರಿರಬೇಕಲ್ಲವೆ?

ಮನೆಗಳಿರಬೇಕು, ಮನೆಗಳು ಹೋಗಬೇಕು ಎಂದು ಹೇಳುವ ಅಧಿಕಾರ ವಿಮರ್ಶಕನಿಗಿಲ್ಲ. ಶೌಚಾಲಯ ಕಟ್ಟಲೂ ಅನುಮತಿಗೆ ಅಲೆಯಬೇಕಾದ ಬದುಕು ಯಾರಿಗೂ ಸುಖದ್ದಲ್ಲ, ಒಳ್ಳೆಯ ಜಾಗ ಸಿಕ್ಕರೆ ಹೋಗಬಯಸುವವರೂ ಊರಿನಲ್ಲಿರಬಹುದು. ಹೋಗುವುದಾದರೆ ಅದಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ. ಯಾವ ಗುಡಿಗೆ ಯಾವ ಮನೆತನದ ಹೆಸರು, ಯಾವ ಅಂಕಣದಲ್ಲಿ ಒಲೆಯಿತ್ತು, ಯಾವ ಕಂಬಕ್ಕೆ ದನ ಕಟ್ಟುತ್ತಿದ್ದರು, ಯಾವ ಕಟ್ಟೆಯ ಮೇಲೆ ನ್ಯಾಯ ಕೂಡುತ್ತಿತ್ತು ಎಂಬುದನ್ನು ಮನೆಮನೆಗೆ ಹೋಗಿ ಹಿರಿಯರಿಂದ ಕೇಳಿ ಬರೆದಿಡಬೇಕು. ನಮ್ಮ ವಿಶ್ವವಿದ್ಯಾಲಯಗಳು ಶಾಸನಗಳ ಸಂಪುಟಗಳನ್ನು ಅಚ್ಚು ಮಾಡಿವೆ. ಈ ಸಂಪುಟಕ್ಕೆ ಕಲ್ಲಚ್ಚು ತೆಗೆಯುವ ಕಾಗದ ಬೇಡ, ಒಂದು ನೋಟುಬುಕ್ಕು ಮತ್ತು ಅಮೀನಗಡದಿಂದ ಐಹೊಳೆಗೆ ಹೋಗುವ ಬಸ್ಸಿನ ಚೀಟಿ ಸಾಕು.